ಯಹೂದಿದ್ವೇಷದ ಆರೋಪ ಮತ್ತು ಪ್ರಸಾರ ಸಂದರ್ಶನ

ಯಹೂದಿದ್ವೇಷದ ಆರೋಪ ಹೊತ್ತ ರಾಜಕಾರಣಿಯನ್ನು, ಅಥವಾ ಅಂಥ ಆರೋಪಕ್ಕೆ ಗುರಿಯಾದ ಪಕ್ಷದ ಮುಖಂಡರನ್ನು ರೇಡಿಯೊ, ಟಿ.ವಿ.ಗಳಲ್ಲಿ ಸಾರ್ವಜನಿಕರ ಪರವಾಗಿ ಪ್ರಶ್ನಿಸಿ ಉತ್ತರ ಪಡೆಯುವ ಕ್ರಮವು ರಾಜಕೀಯ ಸಂದರ್ಶನದ ಒಂದು ವಿಶಿಷ್ಟ ಪ್ರಕಾರ. ಜೆರೆಮಿ ಕಾರ್ಬಿನ್ ಬ್ರಿಟನ್ನಿನ ಲೇಬರ್ ಪಕ್ಷದ ನಾಯಕರಾಗಿದ್ದ 2015–2020ರ ಅವಧಿಯಲ್ಲಿ ಇದು ಸ್ಪಷ್ಟ ರೂಪ ತಳೆಯಿತು. ಫ್ರಾನ್ಸ್, ಜರ್ಮನಿ, ಆಸ್ಟ್ರಿಯ, ಅಮೆರಿಕಗಳಲ್ಲೂ ಇದಕ್ಕೆ ಪ್ರತ್ಯೇಕ ಇತಿಹಾಸವಿದೆ. ಈ ಲೇಖನದಲ್ಲಿ ‘ಯಹೂದಿದ್ವೇಷ’ ಎಂದರೆ ಯಹೂದಿಗಳನ್ನು ಯಹೂದಿಗಳೆಂಬ ಕಾರಣಕ್ಕೇ ಹಗೆಯಿಂದ, ತಾತ್ಸಾರದಿಂದ ಅಥವಾ ಪಿತೂರಿಯ ಶಂಕೆಯಿಂದ ಕಾಣುವುದು. ‘ಜಿಯೋನಿಸಂ’ ಎಂದರೆ ಯಹೂದಿಗಳಿಗೆ ಒಂದು ರಾಷ್ಟ್ರೀಯ ನೆಲೆ ಬೇಕೆಂದು 19ನೆಯ ಶತಮಾನದ ಕೊನೆಯಲ್ಲಿ ಸಂಘಟಿತವಾದ ರಾಜಕೀಯ ಚಳವಳಿ. ‘ಮರುಪ್ರಶ್ನೆ’ ಎಂದರೆ ಹಾರಿಕೆಯ ಉತ್ತರ ಬಂದಾಗ ಸಂದರ್ಶಕ ಮತ್ತೆ ಕೇಳುವ ಅದೇ ಪ್ರಶ್ನೆ.

ತೆರಿಗೆ ಅಥವಾ ಆಸ್ಪತ್ರೆಗಳ ಕುರಿತ ಸಂದರ್ಶನದಲ್ಲಿ ಕೇಳುಗರೆಲ್ಲರೂ ಹೆಚ್ಚುಕಡಿಮೆ ಸಮಾನ ಬಾಧ್ಯಸ್ಥರು. ಇಲ್ಲಿ ಹಾಗಲ್ಲ. ಸ್ಟುಡಿಯೊದಲ್ಲಿ ಇಲ್ಲದ ಒಂದು ಚಿಕ್ಕ ಸಮುದಾಯದ ಸುರಕ್ಷತೆ ಪ್ರತಿ ಮಾತಿನ ಹಿಂದೆ ಇರುತ್ತದೆ. 2021ರ ಜನಗಣತಿಯಂತೆ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಯಹೂದಿಗಳೆಂದು ಹೇಳಿಕೊಂಡವರು ಸುಮಾರು 2.71 ಲಕ್ಷ, ಅಂದರೆ ಜನಸಂಖ್ಯೆಯ ಶೇಕಡ ಅರ್ಧಕ್ಕಿಂತ ಕಡಿಮೆ. ಬಹುಪಾಲು ವೀಕ್ಷಕರಿಗೆ ಈ ವಿಷಯದ ಸ್ವಂತ ಅನುಭವ ಇರುವುದಿಲ್ಲ. ಅವರು ಸಂದರ್ಶನದಿಂದಲೇ ತಿಳಿವಳಿಕೆ ಪಡೆಯುತ್ತಾರೆ. ಸಂದರ್ಶಕರ ಹೊಣೆ ಭಾರವಾಗುವುದು ಇದರಿಂದಲೇ.

ಹಿನ್ನೆಲೆ

ಬ್ರಿಟನ್ನಿನ ಪ್ರಸಾರದಲ್ಲಿ ರಾಜಕಾರಣಿಗಳನ್ನು ಗಟ್ಟಿಯಾಗಿ ಪ್ರಶ್ನಿಸುವ ಪದ್ಧತಿ ತಡವಾಗಿ ಬಂತು. ಸಂಸತ್ತಿನಲ್ಲಿ ಮುಂದಿನ ಎರಡು ವಾರಗಳಲ್ಲಿ ಚರ್ಚೆಗೆ ಬರಲಿರುವ ವಿಷಯವನ್ನು ಪ್ರಸಾರದಲ್ಲಿ ಚರ್ಚಿಸಬಾರದೆಂಬ ‘ಹದಿನಾಲ್ಕು ದಿನಗಳ ನಿಯಮ’ 1950ರ ದಶಕದ ಮಧ್ಯಭಾಗದವರೆಗೂ ಜಾರಿಯಲ್ಲಿತ್ತು. 1955ರಲ್ಲಿ ವಾಣಿಜ್ಯ ವಾಹಿನಿ ಐಟಿವಿ ಆರಂಭವಾಯಿತು. ಅದರ ಸುದ್ದಿ ವಿಭಾಗದಲ್ಲಿದ್ದ ರಾಬಿನ್ ಡೇ 1958ರಲ್ಲಿ ಪ್ರಧಾನಿ ಹೆರಾಲ್ಡ್ ಮ್ಯಾಕ್ಮಿಲನ್ ಅವರನ್ನು ನೇರ ಪ್ರಶ್ನೆಗಳಿಂದ ಎದುರಿಸಿದರು. 1997ರ ಮೇ ತಿಂಗಳಲ್ಲಿ ಬಿಬಿಸಿಯ ‘ನ್ಯೂಸ್‌ನೈಟ್’ನಲ್ಲಿ ಜೆರೆಮಿ ಪ್ಯಾಕ್ಸ್‌ಮನ್ ಮಾಜಿ ಗೃಹ ಸಚಿವ ಮೈಕೆಲ್ ಹೊವರ್ಡ್ ಅವರಿಗೆ ಒಂದೇ ಪ್ರಶ್ನೆಯನ್ನು ಸುಮಾರು ಹನ್ನೆರಡು ಬಾರಿ ಕೇಳಿದ್ದು ಮರುಪ್ರಶ್ನೆಯ ಅತ್ಯಂತ ಪ್ರಸಿದ್ಧ ನಿದರ್ಶನ.

ಈ ಪರಂಪರೆ ಯಹೂದಿದ್ವೇಷದ ವಿಷಯವನ್ನು ದೊಡ್ಡ ಪ್ರಮಾಣದಲ್ಲಿ ಎದುರಿಸಿದ್ದು 2009ರ ಅಕ್ಟೋಬರ್ 22ರಂದು. ಬ್ರಿಟಿಷ್ ನ್ಯಾಷನಲ್ ಪಾರ್ಟಿಯ ನಾಯಕ ನಿಕ್ ಗ್ರಿಫಿನ್ ಅಂದು ಬಿಬಿಸಿಯ ‘ಕ್ವೆಶ್ಚನ್ ಟೈಮ್’ಗೆ ಬಂದರು. ಜನಾಂಗ ದ್ವೇಷ ಕೆರಳಿಸುವ ಬರಹಕ್ಕಾಗಿ 1998ರಲ್ಲಿ ಅವರಿಗೆ ಶಿಕ್ಷೆಯಾಗಿತ್ತು. ನಾಜಿಗಳು ನಡೆಸಿದ ಯಹೂದಿ ನರಮೇಧವನ್ನು ಹಿಂದೆ ಅಲ್ಲಗಳೆದದ್ದೇಕೆ ಎಂದು ಕೇಳಿದಾಗ, ಐರೋಪ್ಯ ಕಾನೂನಿನ ಕಾರಣ ವಿವರಿಸಲಾರೆ ಎಂದರು. ವೇದಿಕೆಯಲ್ಲೇ ಇದ್ದ ಕಾನೂನು ಸಚಿವ ಜ್ಯಾಕ್ ಸ್ಟ್ರಾ, ಅಂಥ ಕಾನೂನು ಯಾವುದೂ ಇಲ್ಲ ಎಂದು ಸ್ಥಳದಲ್ಲೇ ಹೇಳಿದರು. ಸುಮಾರು 80 ಲಕ್ಷ ಜನ ನೋಡಿದ ಆ ಕಾರ್ಯಕ್ರಮ ಕಟ್ಟುನಿಟ್ಟಾಗಿ ಸಂದರ್ಶನವಲ್ಲ, ಸಭಿಕರೊಡನೆ ನಡೆಯುವ ಚರ್ಚೆ. ಇಂಥವರಿಗೆ ವೇದಿಕೆ ಕೊಡಬೇಕೇ ಎಂಬ ವಾದ ಆಗಲೇ ಹುಟ್ಟಿತು.

ಲೇಬರ್ ಪಕ್ಷದ ಪ್ರಕರಣದಲ್ಲಿ ಪ್ರಶ್ನೆ ಹೊಸ ತೊಡಕು ಪಡೆಯಿತು. ಆರೋಪಿತರು ತಮ್ಮನ್ನು ಜೀವನವಿಡೀ ಜನಾಂಗಭೇದದ ವಿರುದ್ಧ ಹೋರಾಡಿದವರೆಂದು ಕಂಡುಕೊಂಡವರು. 2015ರ ಜುಲೈನಲ್ಲಿ ನಾಯಕತ್ವದ ಸ್ಪರ್ಧೆ ನಡೆಯುತ್ತಿದ್ದಾಗ ಚಾನೆಲ್ 4ರ ಕೃಷ್ಣನ್ ಗುರುಮೂರ್ತಿ, ಹಮಾಸ್ ಮತ್ತು ಹಿಜ್ಬುಲ್ಲಾ ಪ್ರತಿನಿಧಿಗಳನ್ನು ‘ಗೆಳೆಯರು’ ಎಂದು ಕರೆದ ಬಗ್ಗೆ ಕಾರ್ಬಿನ್ ಅವರನ್ನು ಕೇಳಿದರು; ಕಾರ್ಬಿನ್ ಸಿಟ್ಟಾದರು. 2016ರ ಏಪ್ರಿಲ್ 28ರಂದು ಲಂಡನ್ನಿನ ಮಾಜಿ ಮೇಯರ್ ಕೆನ್ ಲಿವಿಂಗ್‌ಸ್ಟನ್ ಬಿಬಿಸಿ ರೇಡಿಯೊ ಲಂಡನ್‌ನಲ್ಲಿ ವೆನೆಸ್ಸ ಫೆಲ್ಟ್ಸ್ ಅವರೊಡನೆ ಮಾತನಾಡುತ್ತ, 1932ರಲ್ಲಿ ಚುನಾವಣೆ ಗೆದ್ದ ಹಿಟ್ಲರ್ ಜಿಯೋನಿಸಂ ಅನ್ನು ಬೆಂಬಲಿಸುತ್ತಿದ್ದ ಎಂದರು. ಅದೇ ದಿನ ಪಕ್ಷ ಅವರನ್ನು ಅಮಾನತು ಮಾಡಿತು. 2018ರ ಮಾರ್ಚ್‌ನಲ್ಲಿ, ಯಹೂದಿದ್ವೇಷಿ ಎಂಬ ಟೀಕೆಗೆ ಗುರಿಯಾದ ಲಂಡನ್ನಿನ ಒಂದು ಭಿತ್ತಿಚಿತ್ರವನ್ನು ಅಳಿಸುವುದನ್ನು ಪ್ರಶ್ನಿಸಿ ಕಾರ್ಬಿನ್ 2012ರಲ್ಲಿ ಫೇಸ್‌ಬುಕ್‌ನಲ್ಲಿ ಬರೆದ ಮಾತು ಬೆಳಕಿಗೆ ಬಂದು, ಮಾರ್ಚ್ 26ರಂದು ಯಹೂದಿ ಸಂಘಟನೆಗಳು ಸಂಸತ್ತಿನ ಎದುರು ಪ್ರತಿಭಟಿಸಿದವು. ತಾವು ಯಹೂದಿದ್ವೇಷಿ ಎಂಬುದನ್ನು ಕಾರ್ಬಿನ್ ಉದ್ದಕ್ಕೂ ನಿರಾಕರಿಸಿದ್ದಾರೆ.

ವ್ಯಾಖ್ಯೆಯ ಪ್ರಶ್ನೆ

ಯಾವ ಮಾತು ಯಹೂದಿದ್ವೇಷ, ಯಾವುದು ಇಸ್ರೇಲ್ ಸರ್ಕಾರದ ಟೀಕೆ ಎಂಬ ಗೆರೆಯ ಬಗ್ಗೆ ಸಂದರ್ಶಕನಿಗೆ ಖಚಿತ ತಿಳಿವಳಿಕೆ ಇಲ್ಲದಿದ್ದರೆ ಸಂದರ್ಶನ ಮೊದಲ ನಿಮಿಷದಲ್ಲೇ ಹಳಿ ತಪ್ಪುತ್ತದೆ. ಹೆಚ್ಚು ಬಳಕೆಯಲ್ಲಿರುವುದು ಇಂಟರ್‌ನ್ಯಾಷನಲ್ ಹೋಲೋಕಾಸ್ಟ್ ರಿಮೆಂಬ್ರನ್ಸ್ ಅಲಯನ್ಸ್ 2016ರ ಮೇ 26ರಂದು ಬುಕಾರೆಸ್ಟ್‌ನಲ್ಲಿ ಅಂಗೀಕರಿಸಿದ ಕಾರ್ಯವ್ಯಾಖ್ಯೆ. ಅದರೊಡನೆ 11 ಉದಾಹರಣೆಗಳಿವೆ. ಏಳು ಇಸ್ರೇಲಿಗೆ ಸಂಬಂಧಿಸಿದವು. ಬೇರೆ ಯಾವುದೇ ದೇಶವನ್ನು ಟೀಕಿಸುವಂತೆ ಇಸ್ರೇಲನ್ನು ಟೀಕಿಸುವುದು ಯಹೂದಿದ್ವೇಷವಲ್ಲ ಎಂದೂ, ಇಸ್ರೇಲಿನ ಕೃತ್ಯಗಳಿಗೆ ಎಲ್ಲ ಯಹೂದಿಗಳನ್ನು ಹೊಣೆ ಮಾಡುವುದು ಯಹೂದಿದ್ವೇಷ ಎಂದೂ ಅದರಲ್ಲಿದೆ. ಬ್ರಿಟಿಷ್ ಸರ್ಕಾರ ಇದನ್ನು 2016ರ ಡಿಸೆಂಬರ್‌ನಲ್ಲಿ ಒಪ್ಪಿತು. ಲೇಬರ್ ಪಕ್ಷ ಮೊದಲು ತನ್ನದೇ ಸಂಹಿತೆ ರಚಿಸಿಕೊಂಡು, ತೀವ್ರ ವಿವಾದದ ನಂತರ 2018ರ ಸೆಪ್ಟೆಂಬರ್ 4ರಂದು ಎಲ್ಲ ಉದಾಹರಣೆಗಳನ್ನೂ ಸ್ವೀಕರಿಸಿತು.

ಈ ವ್ಯಾಖ್ಯೆಯೂ ಸರ್ವಸಮ್ಮತವಲ್ಲ. ಅದರ ಮೂಲ ಕರಡನ್ನು ಬರೆದವರಲ್ಲಿ ಪ್ರಮುಖರಾದ ಕೆನೆತ್ ಸ್ಟರ್ನ್, ವಿಶ್ವವಿದ್ಯಾಲಯಗಳಲ್ಲಿ ಮಾತನ್ನು ನಿಯಂತ್ರಿಸಲು ಅದನ್ನು ಬಳಸುವುದನ್ನು ವಿರೋಧಿಸಿದ್ದಾರೆ. 2021ರ ಮಾರ್ಚ್‌ನಲ್ಲಿ ವಿದ್ವಾಂಸರ ಗುಂಪೊಂದು ‘ಜೆರುಸಲೇಮ್ ಘೋಷಣೆ’ ಎಂಬ ಪರ್ಯಾಯ ಪಠ್ಯವನ್ನು ಪ್ರಕಟಿಸಿತು. ಆದರೂ ಇವೆರಡರ ನಡುವೆ ದೊಡ್ಡ ಸಹಮತವಿದೆ. ಯಹೂದಿಗಳು ಬ್ಯಾಂಕು, ಪತ್ರಿಕೆ, ಸರ್ಕಾರಗಳನ್ನು ಗುಟ್ಟಾಗಿ ಆಳುತ್ತಾರೆ ಎನ್ನುವುದನ್ನೂ ನರಮೇಧವನ್ನು ಅಲ್ಲಗಳೆಯುವುದನ್ನೂ ಎರಡೂ ಖಂಡಿಸುತ್ತವೆ. ಕುಶಲ ಸಂದರ್ಶಕ ಪ್ರಶ್ನೆಯನ್ನು ಈ ಗಟ್ಟಿ ನೆಲದ ಮೇಲೆ ಊರುತ್ತಾನೆ. ವಿವಾದಿತ ಅಂಚಿನಲ್ಲಿ ಊರಿದರೆ ಇಡೀ ಸಮಯ ವ್ಯಾಖ್ಯೆಯ ಜಗಳದಲ್ಲೇ ಕಳೆಯುತ್ತದೆ.

ಕಾನೂನು ಮತ್ತು ನಿಯಮಗಳು

ಬ್ರಿಟನ್ನಿನ ಪ್ರಸಾರಕರು 2003ರ ಸಂಪರ್ಕ ಕಾಯ್ದೆಯಡಿ ರಚಿತವಾದ ಆಫ್‌ಕಾಮ್‌ ಸಂಹಿತೆಗೆ ಬದ್ಧರು. ಸಂಹಿತೆಯ ಐದನೆಯ ಭಾಗ ನಿಷ್ಪಕ್ಷಪಾತವನ್ನೂ ಆರನೆಯದು ಚುನಾವಣೆಯನ್ನೂ ಏಳನೆಯದು ವ್ಯಕ್ತಿಗಳಿಗೆ ನ್ಯಾಯವಾಗಿ ನಡೆದುಕೊಳ್ಳುವುದನ್ನೂ ಕುರಿತವು. ನಿಷ್ಪಕ್ಷಪಾತ ಎಂದರೆ ಮೃದು ಪ್ರಶ್ನೆ ಎಂದರ್ಥವಲ್ಲ. ಎಲ್ಲ ಪಕ್ಷಗಳನ್ನೂ ಅಷ್ಟೇ ಬಿಗಿಯಾಗಿ ಕೇಳಬೇಕು ಎಂದರ್ಥ. ನರಮೇಧದ ನಿರಾಕರಣೆಯನ್ನೇ ಅಪರಾಧವೆನ್ನುವ ಕಾನೂನು ಬ್ರಿಟನ್ನಿನಲ್ಲಿಲ್ಲ. ಫ್ರಾನ್ಸಿನಲ್ಲಿ 1990ರ ಗೇಸೊ ಕಾಯ್ದೆ ಅದನ್ನು ನಿಷೇಧಿಸಿದೆ, ಜರ್ಮನಿ ಮತ್ತು ಆಸ್ಟ್ರಿಯಗಳಲ್ಲೂ ನಿಷೇಧವಿದೆ. ಅಲ್ಲಿ ನ್ಯಾಯಾಲಯ ಮಾಡುವ ಪರೀಕ್ಷೆಯ ಒಂದು ಪಾಲನ್ನು ಬ್ರಿಟನ್ನಿನಲ್ಲಿ ಸಂದರ್ಶಕರು ಮಾಡಬೇಕಾಗುತ್ತದೆ.

ಸಂದರ್ಶನದ ರಚನೆ

ಸುದ್ದಿ ಸಂದರ್ಶನದ ರಚನೆಯನ್ನು ವಿವರವಾಗಿ ಅಧ್ಯಯನ ಮಾಡಿದವರು ಸಮಾಜಶಾಸ್ತ್ರಜ್ಞರಾದ ಸ್ಟೀವನ್ ಕ್ಲೇಮನ್ ಮತ್ತು ಜಾನ್ ಹೆರಿಟೇಜ್. ಅವರ ಗ್ರಂಥ 2002ರಲ್ಲಿ ಪ್ರಕಟವಾಯಿತು. ಸಂದರ್ಶಕ ಕಟುವಾದ ಆರೋಪವನ್ನು ತನ್ನ ಮಾತಾಗಿ ಆಡದೆ ಮೂರನೆಯವರ ಹೆಸರಿನಲ್ಲಿ ಮುಂದಿಡುತ್ತಾನೆ ಎಂದು ಅವರು ತೋರಿಸಿದರು. ಇದರಿಂದ ತಟಸ್ಥತೆಯೂ ಉಳಿಯುತ್ತದೆ, ಪ್ರಶ್ನೆಯ ಮೊನೆಯೂ ಮೊಂಡಾಗುವುದಿಲ್ಲ.

ಯಹೂದಿದ್ವೇಷದ ವಿಷಯದಲ್ಲಿ ಈ ತಂತ್ರಕ್ಕೆ ಒಂದು ಅಪಾಯವಿದೆ. ‘ಯಹೂದಿ ಸಮುದಾಯ ಹೀಗೆನ್ನುತ್ತದೆ’ ಎಂದು ಹೇಳಿದೊಡನೆ ಭಿನ್ನ ಅಭಿಪ್ರಾಯಗಳ ಸಮುದಾಯ ಒಂದೇ ದನಿಯದಾಗಿ ಕಾಣುತ್ತದೆ. ಲೇಬರ್ ಪಕ್ಷಕ್ಕೆ 1920ರಿಂದಲೂ ಸೇರಿಕೊಂಡಿರುವ ಜ್ಯೂಯಿಷ್ ಲೇಬರ್ ಮೂವ್‌ಮೆಂಟ್ ಪಕ್ಷದ ವಿರುದ್ಧ ದೂರು ಕೊಟ್ಟಿತು. 2017ರಲ್ಲಿ ಆರಂಭವಾದ ಜ್ಯೂಯಿಷ್ ವಾಯ್ಸ್ ಫಾರ್ ಲೇಬರ್ ಕಾರ್ಬಿನ್ ಅವರನ್ನು ಬೆಂಬಲಿಸಿತು. ಇದರ ಎದುರಿನ ತಪ್ಪೂ ಅಷ್ಟೇ ದೊಡ್ಡದು. ಸಣ್ಣ ಗುಂಪೊಂದನ್ನು ತೋರಿಸಿ, 1760ರಷ್ಟು ಹಳೆಯದಾದ ಬೋರ್ಡ್ ಆಫ್ ಡೆಪ್ಯುಟೀಸ್‌ನಂಥ ಪ್ರಾತಿನಿಧಿಕ ಸಂಸ್ಥೆಯ ಕಳವಳಕ್ಕೆ ಸಮನಾಗಿ ತೂಗಿಬಿಟ್ಟರೆ ಕೇಳುಗರು ಪರಿಸ್ಥಿತಿಯನ್ನು ತಪ್ಪಾಗಿ ಅರಿಯುತ್ತಾರೆ. ಯಾರು, ಯಾವ ಸಂಸ್ಥೆ, ಯಾವ ದಿನ ಏನೆಂದರು ಎಂದು ಹೆಸರಿಸಿ ಹೇಳುವುದೊಂದೇ ಇದಕ್ಕೆ ಪರಿಹಾರ.

ಪ್ರಶ್ನೆಗಳ ಬಗೆ

ಅತ್ಯಂತ ನೇರವಾಗಿ ತೋರುವ ಪ್ರಶ್ನೆಯೇ ಅತ್ಯಂತ ದುರ್ಬಲ. ‘ನೀವು ಯಹೂದಿದ್ವೇಷಿಯೇ?’ ಎಂದು ಕೇಳಿದರೆ ಯಾರೂ ಹೌದೆನ್ನುವುದಿಲ್ಲ. 2018ರ ಸೆಪ್ಟೆಂಬರ್‌ನಲ್ಲಿ ಬಿಬಿಸಿಯ ಆ್ಯಂಡ್ರೂ ಮಾರ್ ಕೇಳಿದಾಗ ಕಾರ್ಬಿನ್ ಅಲ್ಲವೆಂದರು, ತಮ್ಮ ಜೀವಮಾನದ ಹೋರಾಟವನ್ನು ನೆನಪಿಸಿದರು. ಅಂತರಂಗದ ಬಗೆಗಿನ ಪ್ರಶ್ನೆಗೆ ಅಂತರಂಗದ ಪ್ರಮಾಣವೇ ಉತ್ತರವಾಗಿ ಬರುತ್ತದೆ, ಅದನ್ನು ಪರಿಶೀಲಿಸಲು ಕೇಳುಗರಿಗೆ ದಾರಿಯಿಲ್ಲ.

ನಿರ್ದಿಷ್ಟ ಮಾತೊಂದನ್ನು ಎದುರಿಗಿಟ್ಟು ಅದು ಯಹೂದಿದ್ವೇಷವೇ ಅಲ್ಲವೇ ಎಂದು ಕೇಳುವುದು ಎರಡನೆಯ ಬಗೆ. ಇಲ್ಲಿ ವ್ಯಕ್ತಿಯ ಶೀಲಕ್ಕಿಂತ ವಿವೇಚನೆ ಪರೀಕ್ಷೆಗೆ ಒಳಗಾಗುತ್ತದೆ. ಪಕ್ಷದ ಆಡಳಿತವನ್ನು ಕುರಿತ ಪ್ರಶ್ನೆ ಮೂರನೆಯದು: ಎಷ್ಟು ದೂರು ಬಂದವು, ಎಷ್ಟು ತೀರ್ಮಾನವಾದವು, ಯಾರು ನಡುವೆ ಕೈಹಾಕಿದರು? 2019ರ ಫೆಬ್ರವರಿಯಲ್ಲಿ ಲೇಬರ್ ಪಕ್ಷವೇ ಕೊಟ್ಟ ಲೆಕ್ಕದಂತೆ ಹತ್ತು ತಿಂಗಳಲ್ಲಿ ಸದಸ್ಯರ ವಿರುದ್ಧ 673 ದೂರುಗಳು ಬಂದಿದ್ದವು. 96 ಜನ ಅಮಾನತಾದರು, 12 ಜನ ಹೊರಹಾಕಲ್ಪಟ್ಟರು. ಇಂಥ ಅಂಕಿಗಳು ಕೈಯಲ್ಲಿದ್ದರೆ ನಾಯಕರಿಗೆ ಸಾಮಾನ್ಯ ಮಾತಿನ ಹಿಂದೆ ಮರೆಯಾಗುವುದು ಕಷ್ಟ. ಸಮಾನತೆ ಮತ್ತು ಮಾನವ ಹಕ್ಕುಗಳ ಆಯೋಗ 2020ರ ಅಕ್ಟೋಬರ್ 29ರಂದು ಪ್ರಕಟಿಸಿದ ವರದಿಯೂ ಆಡಳಿತದ ಮೇಲೇ ಗಮನವಿಟ್ಟಿತು. ದೂರುಗಳ ವಿಚಾರಣೆಯಲ್ಲಿ ರಾಜಕೀಯ ಹಸ್ತಕ್ಷೇಪ, ವಿಚಾರಣೆ ನಡೆಸುವವರಿಗೆ ತಕ್ಕ ತರಬೇತಿ ಇಲ್ಲದಿರುವುದು ಮತ್ತು ಕಿರುಕುಳ, ಈ ಮೂರರಲ್ಲಿ ಪಕ್ಷ 2010ರ ಸಮಾನತೆ ಕಾಯ್ದೆಯನ್ನು ಮುರಿದಿದೆ ಎಂದು ಅದು ಕಂಡುಕೊಂಡಿತು. ಸಂದರ್ಶಕರು ಮೊದಲ ದಿನದಿಂದ ಇದೇ ದಾರಿ ಹಿಡಿದಿದ್ದರೆ ಸಾರ್ವಜನಿಕರಿಗೆ ಹೆಚ್ಚು ತಿಳಿಯುತ್ತಿತ್ತು.

ಇನ್ನೊಂದು ಬಗೆ ಕ್ಷಮೆಯ ಪ್ರಶ್ನೆ. ಉತ್ತರ ಬಂದರೂ ಬಾರದಿದ್ದರೂ ಅದು ಸುದ್ದಿಯಾಗುತ್ತದೆ. ನೊಂದವರಿಗೆ ಕ್ಷಮೆ ನಿಜವಾಗಿ ಮುಖ್ಯ. ಆದರೆ ಯಾವ ತಪ್ಪಿಗೆ ಕ್ಷಮೆ ಎಂಬುದನ್ನು ಮೊದಲು ಖಚಿತಪಡಿಸದಿದ್ದರೆ ಆ ಪದ ಸುಲಭವಾಗಿ ಟೊಳ್ಳಾಗುತ್ತದೆ.

ಉತ್ತರಗಳ ಬಗೆ

ಮನಶ್ಶಾಸ್ತ್ರಜ್ಞ ಪೀಟರ್ ಬುಲ್ ಮತ್ತು ಕೇಟ್ ಮೇಯರ್ 1987ರ ಚುನಾವಣಾ ಸಂದರ್ಶನಗಳನ್ನು ಪರಿಶೀಲಿಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಮಾರ್ಗರೆಟ್ ಥ್ಯಾಚರ್ ಶೇ 37ರಷ್ಟು ಪ್ರಶ್ನೆಗಳಿಗೂ ನೀಲ್ ಕಿನಕ್ ಶೇ 39ರಷ್ಟಕ್ಕೂ ಮಾತ್ರ ಉತ್ತರ ಕೊಟ್ಟಿದ್ದರು. ಯಾವ ಉತ್ತರ ಕೊಟ್ಟರೂ ಮರ್ಯಾದೆಗೆ ಕುಂದು ಬರುವಂಥ ಪ್ರಶ್ನೆಯ ಎದುರು ರಾಜಕಾರಣಿ ಹಾರಿಕೆಯ ಮಾತಿಗೆ ಶರಣಾಗುತ್ತಾನೆ ಎಂಬುದು ಬುಲ್ ಅವರ ವಿವರಣೆ.

ಈ ವಿಷಯದಲ್ಲಿ ಹಾರಿಕೆಗೆ ಕೆಲವು ಸ್ಥಿರ ರೂಪಗಳಿವೆ. ‘ಎಲ್ಲ ಬಗೆಯ ಜನಾಂಗಭೇದವನ್ನೂ ಖಂಡಿಸುತ್ತೇನೆ’ ಎನ್ನುವುದು ಬಹು ಬಳಕೆಯದು. ಅದು ಸುಳ್ಳಲ್ಲ, ಆದರೆ ಕೇಳಿದ್ದಕ್ಕೆ ಉತ್ತರವೂ ಅಲ್ಲ. ಆರೋಪ ಮಾಡಿದವರ ರಾಜಕೀಯ ಉದ್ದೇಶದತ್ತ ಬೆರಳು ತೋರಿಸುವುದು ಇನ್ನೊಂದು. ಹುಸಿ ಇತಿಹಾಸ ಮೂರನೆಯದು, ಸಂದರ್ಶಕರಿಗೆ ಅತಿ ಕಷ್ಟದ್ದು. ಲಿವಿಂಗ್‌ಸ್ಟನ್ ಹೇಳಿಕೆಯನ್ನೇ ನೋಡಬಹುದು. ಹಿಟ್ಲರ್ ಚಾನ್ಸಲರ್ ಆದದ್ದು 1933ರ ಜನವರಿ 30ರಂದು. 1932ರಲ್ಲಿ ಅವನ ಕೈಯಲ್ಲಿ ಅಧಿಕಾರವಿರಲಿಲ್ಲ. ಜರ್ಮನಿಯ ಯಹೂದಿಗಳು ತಮ್ಮ ಆಸ್ತಿಯ ಒಂದಂಶದೊಡನೆ ಪ್ಯಾಲೆಸ್ಟೈನಿಗೆ ಹೋಗಲು ಅವಕಾಶವಿತ್ತ ‘ಹಾವರಾ’ ಒಪ್ಪಂದ 1933ರ ಆಗಸ್ಟ್‌ನದು. ಹಿಂಸೆಯಿಂದ ಪಾರಾಗಲು ಜನ ಮಾಡಿಕೊಂಡ ವ್ಯವಸ್ಥೆಯನ್ನು ಹಿಂಸಕನ ಬೆಂಬಲವೆಂದು ಬಣ್ಣಿಸುವುದು ಕ್ರೂರ ತಿರುಚುವಿಕೆ. ನೇರ ಪ್ರಸಾರದಲ್ಲಿ ಅದನ್ನು ಆ ಕ್ಷಣವೇ ತಿದ್ದಲು ಸಂದರ್ಶಕರಿಗೆ ಈ ದಿನಾಂಕಗಳು ನಾಲಗೆಯ ತುದಿಯಲ್ಲಿರಬೇಕು.

2019ರ ನವೆಂಬರ್ 26ರ ಸಂದರ್ಶನ

ಈ ಪ್ರಕಾರದ ಅತ್ಯಂತ ಚರ್ಚಿತ ನಿದರ್ಶನ ಸಾರ್ವತ್ರಿಕ ಚುನಾವಣೆಯ ಪ್ರಚಾರದ ನಡುವೆ ಪತ್ರಕರ್ತ ಆ್ಯಂಡ್ರೂ ನೀಲ್ ಬಿಬಿಸಿ ಒನ್ ವಾಹಿನಿಯಲ್ಲಿ ಕಾರ್ಬಿನ್ ಅವರೊಡನೆ ನಡೆಸಿದ ಅರ್ಧ ಗಂಟೆಯ ಸಂದರ್ಶನ. ಅಂದು ಬೆಳಿಗ್ಗೆಯ ‘ದ ಟೈಮ್ಸ್’ನಲ್ಲಿ ಬ್ರಿಟನ್ನಿನ ಮುಖ್ಯ ರಬ್ಬಿ (ಯಹೂದಿ ಧರ್ಮಗುರು) ಎಫ್ರೈಮ್ ಮಿರ್ವಿಸ್, ಲೇಬರ್ ಪಕ್ಷದೊಳಗೆ ಹೊಸ ವಿಷ ಬೇರೂರಿದೆ ಎಂಬ ಅರ್ಥದ ಲೇಖನ ಬರೆದಿದ್ದರು. ನೀಲ್ ಅದರಿಂದಲೇ ಆರಂಭಿಸಿದರು. ಯಹೂದಿ ಸಮುದಾಯದ ಕ್ಷಮೆ ಕೇಳುವಿರಾ ಎಂದು ನಾಲ್ಕು ಬಾರಿ ಕೇಳಿದರು, ಕಾರ್ಬಿನ್ ಕೇಳಲಿಲ್ಲ.

ಮರುದಿನದ ಪತ್ರಿಕೆಗಳ ತಲೆಬರಹಕ್ಕೆ ಅದೇ ವಸ್ತುವಾಯಿತು. ಆದರೆ ಕಸುಬಿನ ದೃಷ್ಟಿಯಿಂದ ಹೆಚ್ಚು ಮಹತ್ವದ್ದು ಇನ್ನೊಂದು ಘಟ್ಟ. ರಾತ್‌ಶೀಲ್ಡ್ ಮನೆತನದ ಜಿಯೋನಿಸ್ಟರು ಇಸ್ರೇಲನ್ನೂ ಜಗತ್ತಿನ ಸರ್ಕಾರಗಳನ್ನೂ ನಡೆಸುತ್ತಾರೆ ಎನ್ನುವುದು ಯಹೂದಿದ್ವೇಷವೇ ಎಂದು ನೀಲ್ ಕೇಳಿದರು. ಕಾರ್ಬಿನ್ ಮೊದಲು, ಶಮಿ ಚಕ್ರಬರ್ತಿ 2016ರ ಜೂನ್‌ನಲ್ಲಿ ಪಕ್ಷಕ್ಕೆ ಕೊಟ್ಟ ವರದಿ ಇಂಥ ಮಾತು ಬೇಡವೆಂದಿದೆ ಎಂದರು. ನೀಲ್ ಮರುಪ್ರಶ್ನೆ ಹಾಕುತ್ತ ಹೋದರು, ಕೊನೆಗೆ ಹೌದೆಂಬ ಉತ್ತರ ಬಂತು. ಇದು ಒಗಟಿನ ಪ್ರಶ್ನೆಯಲ್ಲ. ನೂರು ವರ್ಷಕ್ಕೂ ಹಳೆಯದಾದ, ಎಲ್ಲ ವ್ಯಾಖ್ಯೆಗಳೂ ಖಂಡಿಸುವ ಪಿತೂರಿ ಕಥೆ. ಅದನ್ನು ತಕ್ಷಣ ತಿರಸ್ಕರಿಸಲು ಪಕ್ಷದ ನಾಯಕರಿಗೆ ಹಲವು ಮರುಪ್ರಶ್ನೆಗಳು ಬೇಕಾದವು ಎಂಬುದನ್ನು ವೀಕ್ಷಕರು ಕಣ್ಣಾರೆ ಕಂಡರು. ಸಂದರ್ಶಕರು ದನಿ ಏರಿಸಬೇಕಾಗಲಿಲ್ಲ.

ಡಿಸೆಂಬರ್ 3ರಂದು ಐಟಿವಿಯ ಬೆಳಗಿನ ಕಾರ್ಯಕ್ರಮದಲ್ಲಿ ಕೇಳಿದಾಗ ಕಾರ್ಬಿನ್ ನಡೆದುದೆಲ್ಲಕ್ಕೂ ವಿಷಾದ ಸೂಚಿಸಿದರು. ಪ್ರಧಾನಿ ಬೋರಿಸ್ ಜಾನ್ಸನ್ ನೀಲ್ ಅವರಿಗೆ ಸಂದರ್ಶನ ಕೊಡಲೇ ಇಲ್ಲ. ಡಿಸೆಂಬರ್ 5ರಂದು ನೀಲ್ ಕ್ಯಾಮೆರಾದ ಎದುರು ಒಬ್ಬರೇ ಕುಳಿತು, ಕೇಳಬೇಕಿದ್ದ ಪ್ರಶ್ನೆಗಳನ್ನು ಮುಂದಿಟ್ಟರು. ಎಲ್ಲರಿಗೂ ಒಂದೇ ಬಿಗಿ ಎಂಬ ತತ್ತ್ವ, ಒಪ್ಪಿ ಬಂದವರಷ್ಟೇ ಬೆಲೆ ತೆರುವ ಸ್ಥಿತಿಗೆ ಬಂದುದು ಆ ಚುನಾವಣೆಯ ಗಂಭೀರ ಕೊರತೆ.

ಇತರ ದೇಶಗಳು

ಫ್ರಾನ್ಸಿನ ನ್ಯಾಷನಲ್ ಫ್ರಂಟ್ ನಾಯಕ ಜ್ಯಾಂ-ಮಾರಿ ಲೆ ಪೆನ್ 1987ರ ಸೆಪ್ಟೆಂಬರ್ 13ರಂದು ಆರ್‌ಟಿಎಲ್ ರೇಡಿಯೊ ಸಂದರ್ಶನದಲ್ಲಿ, ನಾಜಿ ಅನಿಲ ಕೋಣೆಗಳು ಎರಡನೆಯ ಮಹಾಯುದ್ಧದ ಇತಿಹಾಸದ ಒಂದು ವಿವರ ಮಾತ್ರ ಎಂದರು. ನ್ಯಾಯಾಲಯ ದಂಡ ವಿಧಿಸಿತು. 2015ರ ಏಪ್ರಿಲ್‌ನಲ್ಲಿ ಪತ್ರಕರ್ತ ಜ್ಯಾಂ-ಜಾಕ್ ಬೂರ್ದ್ಯಾಂ ಆ ಮಾತಿನ ಬಗ್ಗೆ ಪಶ್ಚಾತ್ತಾಪವಿದೆಯೇ ಎಂದು ಕೇಳಿದಾಗ ಲೆ ಪೆನ್ ಇಲ್ಲವೆಂದರು. ಮಗಳ ನೇತೃತ್ವದಲ್ಲಿದ್ದ ಪಕ್ಷ ಅದೇ ವರ್ಷ ಆಗಸ್ಟ್‌ನಲ್ಲಿ ಅವರನ್ನು ಹೊರಹಾಕಿತು.

ಸಾಕ್ಷ್ಯವನ್ನು ಪರದೆಯ ಮೇಲೆ ಎದುರಿಗಿಡುವ ವಿಧಾನ ಜರ್ಮನ್ ಭಾಷೆಯ ವಾಹಿನಿಗಳಲ್ಲಿ ಬಲವಾಗಿದೆ. 2019ರ ಏಪ್ರಿಲ್ 23ರಂದು ಆಸ್ಟ್ರಿಯದ ಓಆರ್‌ಎಫ್‌ನಲ್ಲಿ ಅರ್ಮಿನ್ ವೋಲ್ಫ್, ಫ್ರೀಡಂ ಪಾರ್ಟಿಯ ಯುವ ಘಟಕದ ವ್ಯಂಗ್ಯಚಿತ್ರವೊಂದನ್ನು ನಾಜಿ ಪತ್ರಿಕೆ ‘ಡೆರ್ ಷ್ಟ್ಯುರ್ಮರ್’ನ ಯಹೂದಿದ್ವೇಷಿ ಚಿತ್ರದ ಪಕ್ಕಕ್ಕಿಟ್ಟು ಆ ಪಕ್ಷದ ಮುಖಂಡ ಹರಾಲ್ಡ್ ವಿಲಿಮ್‌ಸ್ಕಿ ಅವರನ್ನು ಪ್ರಶ್ನಿಸಿದರು. ಆ ವ್ಯಂಗ್ಯಚಿತ್ರ ವಲಸೆಯ ಬಗೆಗಿನದು. ಇದಕ್ಕೆ ಪರಿಣಾಮ ಇರದೆ ಹೋಗದು ಎಂದು ವಿಲಿಮ್‌ಸ್ಕಿ ಪ್ರಸಾರದಲ್ಲೇ ಎಚ್ಚರಿಸಿದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಜೆಡ್‌ಡಿಎಫ್ ವಾಹಿನಿ, ತೀವ್ರ ಬಲಪಂಥೀಯ ರಾಜಕಾರಣಿ ಬ್ಯೋರ್ನ್ ಹೋಕೆ ಅವರ ಪಕ್ಷದವರಿಗೇ ವಾಕ್ಯಗಳನ್ನು ತೋರಿಸಿ, ಇವು ಹೋಕೆಯವೋ ಹಿಟ್ಲರನವೋ ಎಂದು ಕೇಳಿದ ತುಣುಕನ್ನು ಹೋಕೆ ಅವರ ಮುಂದಿಟ್ಟಿತು. ಅವರ ಪತ್ರಿಕಾ ವಕ್ತಾರರು ಮಧ್ಯೆ ಬಂದು ಸಂದರ್ಶನವನ್ನು ಮತ್ತೆ ಮೊದಲಿಂದ ಮಾಡಬೇಕೆಂದರು. ವಾಹಿನಿ ಒಪ್ಪದೆ ನಡೆದುದನ್ನೆಲ್ಲ ಪ್ರಸಾರ ಮಾಡಿತು.

ಅಮೆರಿಕದಲ್ಲಿ 2016ರ ಫೆಬ್ರವರಿ 28ರಂದು ಸಿಎನ್‌ಎನ್‌ನ ಜೇಕ್ ಟ್ಯಾಪರ್, ಕು ಕ್ಲಕ್ಸ್ ಕ್ಲಾನ್‌ನ ಮಾಜಿ ಮುಖಂಡ ಡೇವಿಡ್ ಡ್ಯೂಕ್ ಬೆಂಬಲವನ್ನು ತಿರಸ್ಕರಿಸುವಿರಾ ಎಂದು ಡೊನಾಲ್ಡ್ ಟ್ರಂಪ್ ಅವರನ್ನು ಮತ್ತೆ ಮತ್ತೆ ಕೇಳಿದರು. ಡ್ಯೂಕ್ ಬಗ್ಗೆ ತನಗೇನೂ ತಿಳಿಯದು ಎಂದ ಟ್ರಂಪ್, ಆಮೇಲೆ ಕಿವಿಯ ಉಪಕರಣ ಸರಿಯಿರಲಿಲ್ಲ ಎಂದರು.

ಟೀಕೆಗಳು

ಲೇಬರ್ ಪಕ್ಷದ ಕುರಿತ ಸುದ್ದಿ ಏಕಪಕ್ಷೀಯವಾಗಿತ್ತೆಂದು ಮೀಡಿಯಾ ರಿಫಾರ್ಮ್ ಕೊಅಲಿಷನ್ 2018ರ ಸೆಪ್ಟೆಂಬರ್‌ನಲ್ಲಿ ಆರೋಪಿಸಿತು. 250ಕ್ಕೂ ಹೆಚ್ಚು ವರದಿಗಳಲ್ಲಿ 95 ತಪ್ಪು ಅಥವಾ ತಿರುಚುವಿಕೆಗಳನ್ನು ಅದು ಪಟ್ಟಿ ಮಾಡಿತು. ಗ್ರೆಗ್ ಫೈಲೊ ಮತ್ತು ಸಂಗಡಿಗರ 2019ರ ಪುಸ್ತಕದಲ್ಲಿ ಬಂದ ಸಮೀಕ್ಷೆಯಂತೆ, ಲೇಬರ್ ಸದಸ್ಯರಲ್ಲಿ ಸರಾಸರಿ ಶೇ 34ರಷ್ಟು ಜನರ ಮೇಲೆ ದೂರುಗಳಿವೆ ಎಂದು ಸಾರ್ವಜನಿಕರು ಊಹಿಸಿದ್ದರು. ನಿಜ ಪ್ರಮಾಣ ಶೇ 1ಕ್ಕಿಂತ ಬಹಳ ಕಡಿಮೆ. ಇನ್ನೊಂದೆಡೆ, ಬಿಬಿಸಿಯ ‘ಪನೋರಮಾ’ 2019ರ ಜುಲೈ 10ರಂದು ಪಕ್ಷದ ಮಾಜಿ ನೌಕರರ ಸಾಕ್ಷ್ಯವನ್ನು ಪ್ರಸಾರ ಮಾಡಿದಾಗ ಪಕ್ಷ ಅವರನ್ನು ಹೀನಾಯವಾಗಿ ಜರೆಯಿತು. 2020ರ ಜುಲೈನಲ್ಲಿ ಅದು ಆ ನೌಕರರಿಗೂ ನಿರೂಪಕ ಜಾನ್ ವೇರ್ ಅವರಿಗೂ ಕ್ಷಮೆ ಕೇಳಿ ಪರಿಹಾರ ಕೊಟ್ಟಿತು. ಪ್ರಮಾಣವನ್ನು ಹಿಗ್ಗಿಸಿ ಕಾಣಿಸುವುದೂ ನೊಂದವರ ಮಾತನ್ನು ಸುಳ್ಳೆನ್ನುವುದೂ ಒಂದೇ ಕಾಲದಲ್ಲಿ ನಡೆದವು. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಚಿತ್ರ ಪೂರ್ಣವಾಗದು.

ಸಂದರ್ಶಕರೇ ಎಡವಿದ ಸಂದರ್ಭಗಳೂ ಇವೆ. 2015ರ ಜನವರಿಯ ಪ್ಯಾರಿಸ್ ದಾಳಿಗಳ ನಂತರ ಬಿಬಿಸಿ ಪತ್ರಕರ್ತರೊಬ್ಬರು ಭೀತಿ ತೋಡಿಕೊಂಡ ಯಹೂದಿ ಮಹಿಳೆಯ ಮುಂದೆ ಪ್ಯಾಲೆಸ್ಟೀನಿಯರ ಸಂಕಟವನ್ನು ‘ಯಹೂದಿಗಳ ಕೈಯಿಂದ’ ಆದದ್ದೆಂದು ಹೇಳಿ, ಅನಂತರ ಕ್ಷಮೆ ಕೇಳಿದರು. 2023ರ ಜುಲೈನಲ್ಲಿ ಇಸ್ರೇಲಿನ ಮಾಜಿ ಪ್ರಧಾನಿ ನಫ್ತಾಲಿ ಬೆನೆಟ್ ಅವರಿಗೆ ಹಾಕಿದ ಪ್ರಶ್ನೆಯ ಮಾತುಗಳಿಗಾಗಿ ಬಿಬಿಸಿ ಕ್ಷಮೆ ಕೋರಿತು. ಸಂದರ್ಶಕರ ಮೇಲೂ ದಾಳಿ ನಡೆಯುತ್ತದೆ. 2017ರ ಮೇ ತಿಂಗಳಲ್ಲಿ ಮಕ್ಕಳ ಪಾಲನೆಯ ಖರ್ಚಿನ ಬಗ್ಗೆ ಕಾರ್ಬಿನ್ ಅವರನ್ನು ಕೇಳಿದ ಯಹೂದಿ ಪತ್ರಕರ್ತೆ ಎಮ್ಮಾ ಬಾರ್ನೆಟ್ ಮೇಲೆ ಜಾಲತಾಣಗಳಲ್ಲಿ ಯಹೂದಿದ್ವೇಷದ ಬೈಗುಳ ಸುರಿಯಿತು. ಕಾರ್ಬಿನ್ ಅದನ್ನು ಖಂಡಿಸಿದರು.

ಇಂದಿನ ಸ್ಥಿತಿ

ಯಹೂದಿಗಳ ಸುರಕ್ಷತೆಗಾಗಿ ಕೆಲಸ ಮಾಡುವ ಕಮ್ಯುನಿಟಿ ಸೆಕ್ಯುರಿಟಿ ಟ್ರಸ್ಟ್ ಬ್ರಿಟನ್ನಿನಲ್ಲಿ 2024ರಲ್ಲಿ 3,528 ಯಹೂದಿದ್ವೇಷದ ಘಟನೆಗಳನ್ನು ದಾಖಲಿಸಿತು. 2023ರ ಅಕ್ಟೋಬರ್ 7ರ ಹಮಾಸ್ ದಾಳಿ ಮತ್ತು ಗಾಜಾ ಯುದ್ಧದ ನಂತರದ ಏರಿಕೆಯ ಭಾಗವಿದು. 2025ರ ಅಕ್ಟೋಬರ್ 2ರಂದು, ಯೋಮ್ ಕಿಪ್ಪುರ್ ದಿನ, ಮ್ಯಾಂಚೆಸ್ಟರಿನ ಸಿನಗಾಗ್ ಮೇಲೆ ನಡೆದ ದಾಳಿಯ ವೇಳೆ ಇಬ್ಬರು ಯಹೂದಿಗಳು ಸತ್ತರು. ಗಾಜಾದ ಸಾವುನೋವಿನ ಬಗ್ಗೆ ಕಟುವಾಗಿ ಮಾತನಾಡುವ ರಾಜಕಾರಣಿಯನ್ನೂ ಯಹೂದಿಗಳ ಮೇಲಿನ ಹಗೆಯನ್ನು ಆ ಮಾತಿನೊಳಗೆ ಸಾಗಿಸುವವನನ್ನೂ ಬೇರ್ಪಡಿಸಿ ಕೇಳುವ ಕೆಲಸ ಈಗ ಮೊದಲಿಗಿಂತ ಕಷ್ಟವಾಗಿದೆ, ಮೊದಲಿಗಿಂತ ಅಗತ್ಯವೂ ಆಗಿದೆ.

ರಾಜಕಾರಣಿಗಳೇ ನಿರೂಪಕರಾಗುವುದು ಹೊಸ ತೊಡಕು. 2017ರಲ್ಲಿ ನೈಜೆಲ್ ಫರಾಜ್ ಎಲ್‌ಬಿಸಿ ರೇಡಿಯೊದ ತಮ್ಮದೇ ಕಾರ್ಯಕ್ರಮದಲ್ಲಿ ಅಮೆರಿಕದ ‘ಯಹೂದಿ ಲಾಬಿ’ಯ ಪ್ರಭಾವದ ಬಗ್ಗೆ ಆಡಿದ ಮಾತನ್ನು ಯಹೂದಿ ಸಂಘಟನೆಗಳು ಟೀಕಿಸಿದವು. ಅಲ್ಲಿ ಮೈಕು ಅವರ ಕೈಯಲ್ಲೇ ಇತ್ತು. 2024ರ ಮಾರ್ಚ್‌ನಲ್ಲಿ ಆಫ್‌ಕಾಮ್, ರಾಜಕಾರಣಿಗಳು ಸುದ್ದಿ ನಿರೂಪಿಸಿದ ಜಿಬಿ ನ್ಯೂಸ್‌ನ ಐದು ಕಾರ್ಯಕ್ರಮಗಳು ನಿಯಮ ಮುರಿದಿವೆ ಎಂದಿತು. 2025ರ ಫೆಬ್ರವರಿಯಲ್ಲಿ ಹೈಕೋರ್ಟು ಅವುಗಳಲ್ಲಿ ಎರಡು ತೀರ್ಮಾನಗಳನ್ನು ರದ್ದುಮಾಡಿತು.

ಪ್ರಶ್ನೆಯ ಬಿರುಸಿಗಿಂತ ಖಚಿತತೆ ದೊಡ್ಡದೆಂಬುದಕ್ಕೆ ಇತ್ತೀಚಿನ ನಿದರ್ಶನ ಬ್ರಿಟಿಷ್ ಸಂಸದೆ ಡಯಾನ್ ಆಬಟ್ ಅವರದು. ಯಹೂದಿಗಳು ಎದುರಿಸುವ ಪೂರ್ವಗ್ರಹ ಕಪ್ಪುಜನರು ಜೀವನವಿಡೀ ಎದುರಿಸುವ ಜನಾಂಗಭೇದದಂಥದಲ್ಲ ಎಂಬರ್ಥದ ಪತ್ರವನ್ನು 2023ರ ಏಪ್ರಿಲ್‌ನಲ್ಲಿ ಬರೆದು ಅವರು ಲೇಬರ್ ಸಂಸದೀಯ ಪಕ್ಷದಿಂದ ಅಮಾನತಾಗಿದ್ದರು, ಕ್ಷಮೆಯನ್ನೂ ಕೇಳಿದ್ದರು. 2024ರ ಮೇ ತಿಂಗಳಲ್ಲಿ ಮರಳಿ ಸೇರಿದರು. 2025ರ ಜುಲೈನಲ್ಲಿ ಬಿಬಿಸಿ ರೇಡಿಯೊ 4ರ ಶಾಂತವಾದ, ಬಿಡುವಿನ ಸಂದರ್ಶನವೊಂದರಲ್ಲಿ ಜೇಮ್ಸ್ ನಾಟಿ ಆ ಘಟನೆಯ ಬಗ್ಗೆ ವಿಷಾದವಿದೆಯೇ ಎಂದು ಕೇಳಿದರು. ಇಲ್ಲವೇ ಇಲ್ಲ ಎಂಬ ಉತ್ತರ ಬಂತು. ಜುಲೈ 17ರಂದು ಪಕ್ಷ ಅವರನ್ನು ಮತ್ತೆ ಅಮಾನತು ಮಾಡಿತು.